ಕೆಲಸ ಎಲ್ಲಿ ನಿಂತಿದೆ? ವ್ಯವಹಾರದ ಹಟಮಾರಿ ಸಮಸ್ಯೆಗಳು ಮತ್ತು ಒಳನೋಟ



ಕಾಲೇಜಿನ ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಮಂಡಿ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡ ಹಿರಿಯರು. ವಾಣಿಜ್ಯ ಓದುವ ಮಕ್ಕಳಿಗೆ ವ್ಯವಹಾರದ ಬಗ್ಗೆ ವರ್ಷಕ್ಕೊಂದು ಮಾತಾದರೂ ಕನ್ನಡದಲ್ಲೇ ಸಿಗಬೇಕು ಎಂಬುದು ಅವರ ಆಸೆಯಾಗಿತ್ತು. ಆ ಆಸೆಯನ್ನು ಮುಂದುವರಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ.

ಯಾವ ಅಂಗಡಿಗೆ ಬೇಕಾದರೂ ಹೋಗಿ, ಯಾವ ಕಾರ್ಖಾನೆಗೆ ಬೇಕಾದರೂ ಹೋಗಿ. ಯಜಮಾನರು ಮನಸ್ಸು ಬಿಚ್ಚಿ ಮಾತಾಡಿದರೆ ಒಂದು ಹಳೆಯ ಸಮಸ್ಯೆ ಹೊರಗೆ ಬಂದೇ ಬರುತ್ತದೆ. ಆರ್ಡರ್ ಇದೆ, ಹೇಳಿದ ದಿನಕ್ಕೆ ಮಾಲು ಹೋಗುವುದಿಲ್ಲ. ಮಾಲು ಹೋದರೆ ದುಡ್ಡು ಬರುವುದಿಲ್ಲ. ದುಡ್ಡು ಬರುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ. ಇದಕ್ಕೆ ಅವರು ಮಾಡದ ಉಪಾಯವಿಲ್ಲ. ಇನ್ನಿಬ್ಬರು ಆಳು ಇಟ್ಟರು, ದೊಡ್ಡ ಯಂತ್ರ ತಂದರು, ಬ್ಯಾಂಕಿನ ಸಾಲದ ಮಿತಿ ಏರಿಸಿಕೊಂಡರು, ರಾತ್ರಿ ಪಾಳಿ ಶುರು ಮಾಡಿದರು. ಆರು ತಿಂಗಳು ಸರಿಹೋದಂತೆ ಕಂಡು ಸಮಸ್ಯೆ ಮತ್ತೆ ಬಂದು ಕೂತಿತು. ಇಂಥದ್ದನ್ನೇ ನಾನು ಹಟಮಾರಿ ಸಮಸ್ಯೆ ಎನ್ನುತ್ತೇನೆ. ದುಡಿಮೆ ಕಡಿಮೆಯಾಗಿ ಹುಟ್ಟಿದ್ದಲ್ಲವಾದ್ದರಿಂದ ಅದು ದುಡಿಮೆ ಹೆಚ್ಚಿಸಿದರೆ ಹೋಗುವುದೂ ಇಲ್ಲ.

ಇಂಥ ಸಮಸ್ಯೆ ಒಳನೋಟಕ್ಕೆ ಮಾತ್ರ ಬಗ್ಗುತ್ತದೆ. ಒಳನೋಟ ಎಂದರೆ ಮಹಾಮೇಧಾವಿಗಳಿಗೆ ಎಲ್ಲೋ ಮಿಂಚಿನಂತೆ ಹೊಳೆಯುವ ಸಂಗತಿ ಎಂಬ ಭಾವನೆ ನಮ್ಮಲ್ಲಿದೆ. ಹೊಳೆಯುವ ಗಳಿಗೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹೊಳೆಯುವ ಜಾಗ ಯಾವುದು ಎಂದು ಹುಡುಕಬಹುದು, ಕಲಿಯಬಹುದು, ಕಲಿಸಬಹುದು. ನಾನು ಓದಿದ, ಕಂಡ ದೊಡ್ಡ ಉದಾಹರಣೆಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸಮಸ್ಯೆ ಬಿಡಿಸಿದವರು ಯಾರೂ ಜನ ದುಡಿಯುವ ಜಾಗವನ್ನೇ ನೋಡುತ್ತ ಕೂರಲಿಲ್ಲ, ಕೆಲಸ ನಿಂತು ಕಾಯುವ ಜಾಗವನ್ನು ನೋಡಿದರು. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ.

ದುಡಿಮೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೆ ಸದ್ದಿದೆ, ಬೆವರಿದೆ, ಕೂಲಿ ಲೆಕ್ಕವಿದೆ. ಕಾಯುವಿಕೆಗೆ ಇದೊಂದೂ ಇಲ್ಲ. ಮೂಲೆಯಲ್ಲಿ ಪೇರಿಸಿಟ್ಟ ಮಾಲು ಸದ್ದು ಮಾಡುವುದಿಲ್ಲ. ಸಹಿಗಾಗಿ ಮೇಜಿನ ಮೇಲೆ ಕೂತ ಕಾಗದ ಸಂಬಳ ಕೇಳುವುದಿಲ್ಲ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಕಾಯುವಿಕೆಗೆ ಒಂದು ಖಾತೆಯೇ ಇರುವುದಿಲ್ಲ. ಅದರ ವೆಚ್ಚ ಬಡ್ಡಿಯಲ್ಲಿ, ಬಾಡಿಗೆಯಲ್ಲಿ, ಹಾಳಾದ ಸರಕಿನಲ್ಲಿ, ಕೈತಪ್ಪಿದ ಗಿರಾಕಿಯಲ್ಲಿ ಚೂರುಚೂರಾಗಿ ಅಡಗಿರುತ್ತದೆ.

ಅಭ್ಯಾಸ ನಮ್ಮ ಕಣ್ಣನ್ನು ಹೇಗೆ ಕಟ್ಟುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಒಂದು ಹೆಸರಾಂತ ಪ್ರಯೋಗವಿದೆ. ಜರ್ಮನಿಯ ಕಾರ್ಲ್ ಡಂಕರ್ ಮಾಡಿದ್ದು. ಮೇಣದಬತ್ತಿ, ಬೆಂಕಿಕಡ್ಡಿ, ಗುಂಡುಪಿನ್ನುಗಳನ್ನು ಕೊಟ್ಟು, ಬತ್ತಿಯನ್ನು ಬಾಗಿಲ ಮೇಲೆ ನಿಲ್ಲಿಸಿ ಎಂದರು. ಪಿನ್ನು ತುಂಬಿದ್ದ ಪೆಟ್ಟಿಗೆಯನ್ನು ಖಾಲಿ ಮಾಡಿ ಬಾಗಿಲಿಗೆ ಚುಚ್ಚಿ, ಅದರ ಮೇಲೆ ಬತ್ತಿ ಇಡುವುದು ಉತ್ತರ. ಪೆಟ್ಟಿಗೆಯನ್ನು ಖಾಲಿಯಾಗಿ ಪಕ್ಕದಲ್ಲಿಟ್ಟು ಕೊಟ್ಟಾಗ ಜನರಿಗೆ ಉತ್ತರ ಸುಲಭವಾಗಿ ಹೊಳೆಯಿತು. ಪೆಟ್ಟಿಗೆಯ ತುಂಬ ಪಿನ್ನು ಇಟ್ಟು ಕೊಟ್ಟಾಗ ಅನೇಕರಿಗೆ ಹೊಳೆಯಲಿಲ್ಲ. ಒಂದು ಕೆಲಸಕ್ಕೆ ಬಳಕೆಯಲ್ಲಿದ್ದ ವಸ್ತು ಇನ್ನೊಂದು ಕೆಲಸಕ್ಕೂ ಒದಗೀತು ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ದಿನವೂ ನಡೆಯುವ ವ್ಯವಹಾರದಲ್ಲಿ ಎಲ್ಲ ಪೆಟ್ಟಿಗೆಗಳೂ ತುಂಬಿಯೇ ಇರುತ್ತವೆ. ಅದಕ್ಕೇ ಅಲ್ಲಿ ಕಣ್ಣಿಗೆ ತರಬೇತಿ ಬೇಕು.

1. ದಕ್ಕೆಯಲ್ಲಿ ನಿಂತ ಹಡಗು

1954ರಲ್ಲಿ ವಾರಿಯರ್ ಎಂಬ ಸರಕು ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಆ ಒಂದು ಪ್ರಯಾಣದ ಜನ್ಮಜಾತಕವನ್ನೇ ಅಧ್ಯಯನಕಾರರು ಬರೆದಿಟ್ಟರು. ಸರಕಿನ ತೂಕ ಸುಮಾರು 5,000 ಟನ್. ಬಿಡಿ ಸರಕುಗಳ ಸಂಖ್ಯೆ 1,94,582. ಚೀಲ, ಪೆಟ್ಟಿಗೆ, ಪೀಪಾಯಿ, ಕಟ್ಟು, ಎಲ್ಲವನ್ನೂ ಹಮಾಲರು ಒಂದೊಂದಾಗಿ ಇಳಿಸಿ, ಹೊತ್ತು, ಹಡಗಿನ ಹೊಟ್ಟೆಯೊಳಗೆ ಜೋಡಿಸಿದರು. ಅವು ಅಲುಗದಂತೆ ಕಟ್ಟಲು ಬಳಸಿದ ಮರ ಮತ್ತು ಹಗ್ಗಕ್ಕೇ 5,000 ಡಾಲರ್ ಮೇಲೆ ಖರ್ಚಾಯಿತು. ತುಂಬಿಸಲು ಆರು ದಿನ, ಕಡಲ ಮೇಲೆ ಹತ್ತೂವರೆ ದಿನ, ಇಳಿಸಲು ನಾಲ್ಕು ದಿನ. ಮೊದಲ ಸರಕು ಅಮೆರಿಕದ ತನ್ನ ಊರು ಬಿಟ್ಟ ದಿನದಿಂದ ಕೊನೆಯ ಸರಕು ಯುರೋಪಿನ ತನ್ನ ಊರು ಮುಟ್ಟಿದ ದಿನದವರೆಗೆ ಎಣಿಸಿದರೆ 95 ದಿನ.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. 95 ದಿನದಲ್ಲಿ ಕಡಲು ತಿಂದದ್ದು ಹತ್ತೂವರೆ ದಿನ. ಒಟ್ಟು ಸಾಗಣೆ ವೆಚ್ಚದಲ್ಲಿ ಸಮುದ್ರಯಾನದ ಪಾಲು ಶೇಕಡಾ 11.5. ಬಂದರಿನ ಖರ್ಚೇ ಮೂರನೇ ಒಂದಕ್ಕಿಂತ ಹೆಚ್ಚು. ಆದರೆ ಹಡಗು ಕಂಪನಿಗಳ ಯಜಮಾನರು ಹಡಗಿನ ವೇಗದ ಬಗ್ಗೆ ಯೋಚಿಸುತ್ತಿದ್ದರು. ತಮ್ಮದು ಹಡಗು ನಡೆಸುವ ಕಸುಬು ಎಂದು ಅವರು ನಂಬಿದ್ದರು. ದಕ್ಕೆಯಲ್ಲಿ ಹಡಗು ನಿಲ್ಲುವುದು ಮಳೆಗಾಲದಲ್ಲಿ ಮಳೆ ಬರುವಷ್ಟೇ ಸಹಜ ಎಂದು ಒಪ್ಪಿಕೊಂಡಿದ್ದರು.

ಈ ಗಂಟನ್ನು ಬಿಚ್ಚಿದವರು ಹಡಗಿನವರಲ್ಲ, ಉತ್ತರ ಕ್ಯಾರೊಲಿನಾದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್. 1913ರಲ್ಲಿ ಹುಟ್ಟಿದ ಇವರು 1934ರಲ್ಲಿ ಲಾರಿ ಕಸುಬಿಗೆ ಇಳಿದು ಅಮೆರಿಕದ ದೊಡ್ಡ ಲಾರಿ ಕಂಪನಿಗಳಲ್ಲೊಂದನ್ನು ಕಟ್ಟಿದ್ದರು. ಲಾರಿ ಮಾಲೀಕನಿಗೆ ನಿಂತ ಲಾರಿಯ ನೋವು ಗೊತ್ತು. ಸರಕಿನ ಒಡೆಯನಿಗೆ ಬೇಕಾದದ್ದು ತನ್ನ ಸರಕು ಬಾಗಿಲಿನಿಂದ ಬಾಗಿಲಿಗೆ ಮುಟ್ಟುವುದು, ಹಡಗು ಅದರ ನಡುವಿನ ಒಂದು ತುಂಡು ದಾರಿ ಅಷ್ಟೇ ಎಂಬುದೂ ಗೊತ್ತು. 1955ರಲ್ಲಿ ಒಂದು ಹಡಗು ಕಂಪನಿಯನ್ನು ಕೊಂಡರು. 1956ರ ಏಪ್ರಿಲ್ 26ರಂದು ಐಡಿಯಲ್-ಎಕ್ಸ್ ಎಂಬ ಹಳೆಯ ತೈಲ ಹಡಗು ನ್ಯೂವರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಲಾರಿಯ ಮೇಲಿಂದ ಒಂದೊಂದು ಪೆಟ್ಟಿಗೆಯನ್ನು ಕ್ರೇನು ಎತ್ತಿ ಹಡಗಿನ ಮೇಲಿಟ್ಟಿತು. ಎಂಟು ಗಂಟೆಯೊಳಗೆ ಹಡಗು ತುಂಬಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5.83 ಡಾಲರ್ ಬೀಳುತ್ತಿತ್ತು. ಈ ಹಡಗಿನ ಲೆಕ್ಕ 15.8 ಸೆಂಟ್‌ಗೆ ಇಳಿಯಿತು.

ಪೆಟ್ಟಿಗೆ ಹೊಸದಾಗಿರಲಿಲ್ಲ. ರೈಲುಗಳಲ್ಲಿ, ಕೆಲವು ಹಡಗುಗಳಲ್ಲಿ ಅದಕ್ಕೂ ಮೊದಲೇ ಪೆಟ್ಟಿಗೆಗಳಿದ್ದವು. ಆದರೆ ಅವನ್ನೂ ಉಳಿದ ಸರಕಿನ ಜೊತೆಗೆ ಇನ್ನೊಂದು ಸರಕಿನಂತೆ ಹೊರುತ್ತಿದ್ದರು, ಹಾಗಾಗಿ ಲಾಭ ಕಾಣಲಿಲ್ಲ. ಮೆಕ್ಲೀನ್ ಕಂಡದ್ದು ಏನೆಂದರೆ, ಕಾಯುವಿಕೆ ತಪ್ಪಬೇಕಾದರೆ ಲಾರಿ, ಕ್ರೇನು, ಹಡಗು, ದಕ್ಕೆ ನಾಲ್ಕೂ ಒಂದೇ ಪೆಟ್ಟಿಗೆಯ ಅಳತೆಗೆ ಹೊಂದಿಕೊಳ್ಳಬೇಕು. ಮುಂದೆ ಪೆಟ್ಟಿಗೆಯ ಮೂಲೆಗಳ ಕೊಂಡಿಯ ಪೇಟೆಂಟನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟದ್ದೂ ಈ ಕಾರಣಕ್ಕೇ. ತನ್ನ ಪೆಟ್ಟಿಗೆ ಮಾತ್ರ ಓಡಿ ಇತರರದು ನಿಂತರೆ ಬಂದರು ಮತ್ತೆ ಕಟ್ಟಿಕೊಳ್ಳುತ್ತದೆ. ಒಬ್ಬನ ಹೊಳಹು ಜಗತ್ತಿನ ಪದ್ಧತಿಯಾಗುವುದು ಇಂಥ ಬಿಟ್ಟುಕೊಡುವಿಕೆಯಿಂದ.

2. ಒಂದು ಬೋಲ್ಟಿನ ಹುಡುಕಾಟ

ಎರಡನೆಯ ಉದಾಹರಣೆ ಜಪಾನಿನದು. 1950ರಲ್ಲಿ ಹಿರೋಶಿಮಾದ ಟೊಯೊ ಕೊಗ್ಯೊ, ಅಂದರೆ ಇಂದಿನ ಮಜ್ದಾ ಕಾರ್ಖಾನೆಗೆ ಶಿಗೆಓ ಶಿಂಗೊ ಎಂಬ ಎಂಜಿನಿಯರ್ ಸಲಹೆಗಾರರಾಗಿ ಬಂದರು. ದೊಡ್ಡ ಪ್ರೆಸ್‌ಗಳು ಕಾರ್ಖಾನೆಯನ್ನೇ ಕಟ್ಟಿಹಾಕಿವೆ, ಒಳ್ಳೆಯ ಕೆಲಸಗಾರರನ್ನು ಹಾಕಿ ಹಗಲು ರಾತ್ರಿ ಓಡಿಸುತ್ತಿದ್ದೇವೆ, ಇನ್ನೂ ಪ್ರೆಸ್ ಕೊಳ್ಳದೆ ದಾರಿಯಿಲ್ಲ ಎಂಬುದು ಆಡಳಿತದವರ ತೀರ್ಮಾನವಾಗಿತ್ತು. ಶಿಂಗೊ ಕೇಳಿದ್ದು ಇಷ್ಟೇ, ಒಂದು ವಾರ ಗಡಿಯಾರ ಹಿಡಿದು ಪ್ರೆಸ್‌ನ ಬಳಿ ನಿಲ್ಲುತ್ತೇನೆ, ಬಿಡಿ.

ಮೂರನೆಯ ದಿನ 800 ಟನ್ ಪ್ರೆಸ್‌ನಲ್ಲಿ ಡೈ, ಅಂದರೆ ಅಚ್ಚು, ಬದಲಿಸುವ ಕೆಲಸ ಬಂತು. ಹಳೆಯ ಡೈ ಕಳಚಿದ ಕೆಲಸಗಾರ ಇದ್ದಕ್ಕಿದ್ದಂತೆ ಅಲ್ಲಿ ಇಲ್ಲಿ ಓಡಾಡತೊಡಗಿದ. ಹೊಸ ಡೈ ಬಿಗಿಯುವ ಬೋಲ್ಟುಗಳಲ್ಲಿ ಒಂದು ಕಾಣೆಯಾಗಿತ್ತು. ಒಂದು ಗಂಟೆಗೂ ಮೇಲೆ ಹುಡುಕಿ ಒಂದು ಬೋಲ್ಟು ಹಿಡಿದು ಬಂದ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ, ಬೇರೆ ಯಂತ್ರದ ಉದ್ದನೆಯ ಬೋಲ್ಟು ತೆಗೆದು, ಕತ್ತರಿಸಿ, ತಿರುಪಿನ ಮರೆ ಹಾಕಿಸಿ ತಂದಿದ್ದ. ಆ ಯಂತ್ರಕ್ಕೆ ನಾಳೆ ಬೋಲ್ಟು ಬೇಕಾದಾಗ ಇನ್ನೊಂದು ಹುಡುಕಾಟ. ಈ ಹೊತ್ತೆಲ್ಲ 800 ಟನ್ನಿನ ಯಂತ್ರ ಸುಮ್ಮನೆ ನಿಂತಿತ್ತು.

ಆ ಮನುಷ್ಯ ಸೋಮಾರಿಯಲ್ಲ ಎಂಬುದನ್ನು ಗಮನಿಸಿ. ಓಡಾಡಿ ಬೆವರಿಳಿಸಿದ್ದಾನೆ, ಜಾಣತನದಿಂದ ಬೋಲ್ಟು ಹೊಂದಿಸಿದ್ದಾನೆ. ದೂರದಿಂದ ನೋಡಿದ ಮ್ಯಾನೇಜರಿಗೆ ಕಂಡದ್ದು ಕಷ್ಟಪಟ್ಟು ದುಡಿಯುವ ಆಳು ಮತ್ತು ಸಾಕಾಗದ ಯಂತ್ರ. ಪಕ್ಕದಲ್ಲಿ ನಿಂತ ಶಿಂಗೊಗೆ ಕಂಡದ್ದು ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಯಂತ್ರ ಓಡುತ್ತಿರುವಾಗಲೇ ಮುಗಿಸಿಡಬಹುದಾದ ಕೆಲಸ ಬೇರೆ ಎಂಬ ಸಂಗತಿ. ಬೋಲ್ಟುಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ ಯಂತ್ರದ ಪಕ್ಕ ಇಡುವುದು ಎರಡನೆಯ ಬಗೆಯ ಕೆಲಸ. ಅದನ್ನು ಮೊದಲೇ ಮಾಡುವಂತೆ ಏರ್ಪಾಡಾದ ಮೇಲೆ ಹೊಸ ಪ್ರೆಸ್ ಕೊಳ್ಳುವ ಮಾತೇ ಉಳಿಯಲಿಲ್ಲ.

1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ ಮುಂದೆ ಇದೇ ಶಿಂಗೊ ನಿಂತರು. ಡೈ ಬದಲಿಸಲು ಅಲ್ಲಿ ನಾಲ್ಕು ಗಂಟೆ ಹಿಡಿಯುತ್ತಿತ್ತು. ಆರು ತಿಂಗಳಲ್ಲಿ ಅದು 90 ನಿಮಿಷಕ್ಕೆ ಇಳಿಯಿತು. ಮೂರು ನಿಮಿಷಕ್ಕೆ ಇಳಿಸಿ ಎಂದು ಆಡಳಿತ ಕೇಳಿತು. ಯಂತ್ರ ನಿಲ್ಲಿಸಿ ಮಾಡುತ್ತಿದ್ದ ಕೆಲಸಗಳನ್ನೇ ಒಂದೊಂದಾಗಿ ಹೊರಗೆ ತಂದರೆ ಹೇಗೆ ಎಂಬ ಎರಡನೆಯ ಹೊಳಹು ಆ ಒತ್ತಾಯದಲ್ಲಿ ಹುಟ್ಟಿತು. ಮೂರು ತಿಂಗಳಲ್ಲಿ ಮೂರು ನಿಮಿಷ ಸಾಧ್ಯವಾಯಿತು. ಮೊದಲ ಹೊಳಹಿನಿಂದ ಎರಡನೆಯದಕ್ಕೆ 19 ವರ್ಷ. ಒಳನೋಟ ದಿಢೀರನೆ ಹೊಳೆದರೂ ಅದರ ಬೇರು ಇಷ್ಟು ದೀರ್ಘಕಾಲ ನಿಂತು ಕಣ್ಣಿಟ್ಟು ನೋಡುವ ತಾಳ್ಮೆಯಲ್ಲಿ ಇರುತ್ತದೆ.

3. ವೈದ್ಯರ ಕೈ

ನಮ್ಮ ನೆರೆಯ ತಮಿಳುನಾಡಿನ ಮಧುರೈಗೆ ಬನ್ನಿ. ಡಾ. ಜಿ. ವೆಂಕಟಸ್ವಾಮಿಯವರು 1918ರಲ್ಲಿ ಹುಟ್ಟಿದವರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಲ್ಲಿ ಕತ್ತರಿ ಹಿಡಿಯುವುದನ್ನು ಕಲಿತು ಕಣ್ಣಿನ ಶಸ್ತ್ರವೈದ್ಯರಾದರು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಗಳ ಕಣ್ಣಾಸ್ಪತ್ರೆ ತೆರೆದರು. ಅದೇ ಅರವಿಂದ್ ಕಣ್ಣಾಸ್ಪತ್ರೆ.

ಅವರ ಮುಂದಿದ್ದ ಸಮಸ್ಯೆಯ ಗಾತ್ರವನ್ನು ಯೋಚಿಸಿ. ಪೊರೆ ಬಂದು ಕುರುಡಾದವರು ಲಕ್ಷಗಟ್ಟಲೆ. ಚಿಕಿತ್ಸೆ ಗೊತ್ತಿದೆ, ಕಷ್ಟದ್ದಲ್ಲ. ಆದರೆ ಶಸ್ತ್ರವೈದ್ಯರು ಬೆರಳೆಣಿಕೆ. ವೈದ್ಯರು ಬೇಗ ಕತ್ತರಿಸಲಿ ಎನ್ನುವಂತಿಲ್ಲ, ಅದು ಕಣ್ಣು. ಅವರು ನೋಡಿದ್ದು ಶಸ್ತ್ರಕ್ರಿಯೆಗಳ ನಡುವಿನ ಹೊತ್ತನ್ನು. ಒಬ್ಬ ರೋಗಿಯನ್ನು ಇಳಿಸಿ, ಇನ್ನೊಬ್ಬರನ್ನು ಮಲಗಿಸಿ, ಕಣ್ಣು ತೊಳೆದು, ಉಪಕರಣ ಜೋಡಿಸುವವರೆಗೆ ಊರಿನಲ್ಲೇ ಅತಿ ವಿರಳವಾದ ಆ ಕೈಗಳು ಸುಮ್ಮನಿರುತ್ತಿದ್ದವು. ಅದಕ್ಕೆ ಒಬ್ಬ ವೈದ್ಯರಿಗೆ ಎರಡು ಮೇಜು ಎಂಬ ಏರ್ಪಾಡಾಯಿತು. ಒಂದು ಮೇಜಿನಲ್ಲಿ ಶಸ್ತ್ರಕ್ರಿಯೆ ನಡೆಯುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧವಾಗಿರುತ್ತಾರೆ. ಮುಗಿಯುತ್ತಿದ್ದಂತೆ ವೈದ್ಯರು ಆ ಕಡೆ ತಿರುಗುತ್ತಾರೆ. ಸಿದ್ಧತೆಯ ಕೆಲಸವನ್ನೆಲ್ಲ ಹಳ್ಳಿಗಳಿಂದ ಆರಿಸಿ ತರಬೇತಿ ಕೊಟ್ಟ ಹೆಣ್ಣುಮಕ್ಕಳು ನಡೆಸುತ್ತಾರೆ. ವೈದ್ಯರ ಕೈಗೆ ಒಂದಿಷ್ಟೂ ಅವಸರವಿಲ್ಲ, ಆದರೆ ದಿನಕ್ಕೆ ಬೆಳಕು ಕಾಣುವ ಕಣ್ಣುಗಳು ಹಲವು ಪಟ್ಟು.

ಇನ್ನೊಂದು ಕಾಯುವಿಕೆ ಆಸ್ಪತ್ರೆಯ ಹೊರಗಿತ್ತು. ಶಿಬಿರದಲ್ಲಿ ತಪಾಸಣೆ ಮಾಡಿ ಶಸ್ತ್ರಕ್ರಿಯೆ ಉಚಿತ ಎಂದರೂ ಬಹಳ ಜನ ಬರುತ್ತಿರಲಿಲ್ಲ. ಬಸ್ ಖರ್ಚು, ಊಟ, ಜೊತೆಗೆ ಬರುವವರ ಕೂಲಿ ನಷ್ಟ, ಭಯ, ಇವೆಲ್ಲ ಸೇರಿ ಬಡವರಿಗೆ ಉಚಿತವೂ ದುಬಾರಿಯೇ ಆಗಿತ್ತು. ಇದನ್ನು ಕಂಡುಕೊಂಡ ಮೇಲೆ ಆಸ್ಪತ್ರೆ ವಾಹನ ಕಳಿಸಿತು, ಊಟ ಹಾಕಿತು, ಒಂದೇ ಊರಿನವರನ್ನು ಒಟ್ಟಿಗೆ ಕರೆತಂದಿತು. ಕಣ್ಣಿನೊಳಗೆ ಇಡುವ ಮಸೂರ ಹೊರದೇಶದ ಬೆಲೆಯಲ್ಲಿ ಬಡವರ ಕೈಗೆ ಎಟುಕದಿದ್ದಾಗ 1992ರಲ್ಲಿ ಆರೊಲ್ಯಾಬ್ ಎಂಬ ತಯಾರಿಕಾ ಘಟಕವನ್ನೇ ತೆರೆದು ಬೆಲೆಯನ್ನು ನೆಲಕ್ಕೆ ಇಳಿಸಿದರು. ದುಡ್ಡು ಕೊಡುವ ರೋಗಿಗಳ ಆದಾಯದಿಂದ ದುಡ್ಡಿಲ್ಲದವರ ಚಿಕಿತ್ಸೆ ನಡೆಯುವ ಈ ಸಂಸ್ಥೆ ಲೆಕ್ಕಾಚಾರದಲ್ಲಿ ಗಟ್ಟಿಯಾಗಿ ನಿಂತಿದೆ. ದಯೆ ಮತ್ತು ದಕ್ಷತೆ ಒಂದಕ್ಕೊಂದು ವೈರಿ ಎಂದು ಹೇಳುವವರಿಗೆ ನಾನು ಮೊದಲು ಕೊಡುವ ಉತ್ತರ ಮಧುರೈ.

4. ಕಾಯಲಾರದ ಸರಕು

ಈವರೆಗೆ ಹೇಳಿದ್ದು ಕಾಯಬಾರದ್ದನ್ನು ಕಾಯದಂತೆ ಮಾಡಿದ ಕಥೆಗಳು. ಇದಕ್ಕೆ ಇನ್ನೊಂದು ಮಗ್ಗುಲಿದೆ, ನಮ್ಮ ನಾಡಿಗೆ ಅದೇ ಹೆಚ್ಚು ಮುಖ್ಯ. ಕೆಲವು ಸರಕು ಕಾಯಲಾರದು. ಹಾಲು ಸಂಜೆಯೊಳಗೆ ಕೆಡುತ್ತದೆ, ಟೊಮೆಟೊ ಮೂರನೆಯ ದಿನಕ್ಕೆ ಮೆತ್ತಗಾಗುತ್ತದೆ. ಕೊಳ್ಳುವವನು ಕಾಯಬಲ್ಲ, ಮಾರುವವನು ಕಾಯಲಾರ ಎಂದಾಗ ಬೆಲೆ ಯಾರ ಕೈಯಲ್ಲಿರುತ್ತದೆ ಎಂಬುದನ್ನು ರೈತರ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ರೈತರು ಈ ಸ್ಥಿತಿಗೆ ಬೇಸತ್ತು, ಸರ್ದಾರ್ ಪಟೇಲರ ಸಲಹೆಯಂತೆ, ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ 1946ರಲ್ಲಿ ಸಹಕಾರ ಸಂಘ ಕಟ್ಟಿದರು. ಅದೇ ಮುಂದೆ ಅಮುಲ್. 1949ರಲ್ಲಿ ಸಂಘದ ಊರಾದ ಆನಂದಕ್ಕೆ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್ ಅಲ್ಲೇ ನೆಲೆನಿಂತರು. ಅವರು ಹೈನುಗಾರಿಕೆಯ ಮೊದಲ ಪಾಠ ಕಲಿತದ್ದು ನಮ್ಮ ಬೆಂಗಳೂರಿನ ಇಂಪೀರಿಯಲ್ ಸಂಸ್ಥೆಯಲ್ಲಿ. ಸಂಘ ಬೆಳೆಯಿತು, ಆದರೆ ಒಂದು ಸಮಸ್ಯೆ ಹಟ ಹಿಡಿದು ನಿಂತಿತು. ಚಳಿಗಾಲದಲ್ಲಿ ಎಮ್ಮೆಗಳು ಬೇಸಿಗೆಗಿಂತ ಎಷ್ಟೋ ಹೆಚ್ಚು ಹಾಲು ಕೊಡುತ್ತವೆ. ಸಂಘದ ಹಾಲು ಹೋಗುತ್ತಿದ್ದ ಮುಂಬಯಿ ಅಷ್ಟನ್ನೂ ಕೊಳ್ಳುತ್ತಿರಲಿಲ್ಲ. ಹೆಚ್ಚುವರಿ ಹಾಲನ್ನು ಬೇಡ ಎಂದರೆ ರೈತ ಮತ್ತೆ ದಲ್ಲಾಳಿಯ ಬಾಗಿಲಿಗೆ. ಬೇಕೆಂದು ಕೊಂಡರೆ ಸಂಘಕ್ಕೆ ನಷ್ಟ.

ಹಸುವಿನ ಹಾಲಾದರೆ ಪುಡಿ ಮಾಡಿ ಇಡುತ್ತಿದ್ದರು. ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು, ಅದನ್ನು ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದರು. ಅವರ ಹೈನುಗಾರಿಕೆ ಪೂರ್ತಿ ಹಸುವಿನ ಮೇಲೆ ನಿಂತಿತ್ತು. ಅವರಿಗೆ ಎಮ್ಮೆ ಹಾಲಿನ ಗರಜೇ ಇರಲಿಲ್ಲ. ಕುರಿಯನ್ನರ ಗೆಳೆಯ ಎಚ್. ಎಂ. ದಲಾಯ ಮಾಡಲಾಗದು ಎಂಬ ಮಾತನ್ನು ಒಪ್ಪದೆ ಮಾಡಿ ನೋಡಿದರು. ಹಾಲನ್ನು ಮಂಜಿನಂತೆ ಸಿಂಪಡಿಸಿ ಬಿಸಿಗಾಳಿಯಲ್ಲಿ ಒಣಗಿಸಿದಾಗ ಎಮ್ಮೆ ಹಾಲೂ ಪುಡಿಯಾಗಿ ಉದುರಿತು. 1955ರ ಅಕ್ಟೋಬರ್ 31ರಂದು ಆನಂದದ ಪುಡಿ ಕಾರ್ಖಾನೆಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ಕೆಲವೇ ಗಂಟೆ ತಾಳುತ್ತಿದ್ದ ಹಾಲು ಈಗ ತಿಂಗಳುಗಟ್ಟಲೆ ಕಾಯಬಲ್ಲದಾಯಿತು. ಎರಡು ಎಮ್ಮೆ ಕಟ್ಟಿಕೊಂಡ ಹೆಂಗಸಿಗೆ ಸಿಕ್ಕ ನಿಜವಾದ ಬಲ ಇದು. ಅವಳ ಹಾಲನ್ನು ಚಳಿಗಾಲದಲ್ಲೂ ಬೇಡ ಎನ್ನುವವರಿಲ್ಲ. ಕರ್ನಾಟಕದಲ್ಲಿ 1974ರಿಂದ ಆನಂದದ ಮಾದರಿಯಲ್ಲಿ ಹಳ್ಳಿಹಳ್ಳಿಗೆ ಹರಡಿದ ಹಾಲು ಉತ್ಪಾದಕರ ಸಂಘಗಳಿಗೂ, ಇಂದಿನ ನಂದಿನಿಗೂ ಬೆನ್ನಿಗೆ ನಿಂತಿರುವುದು ಇದೇ ಬಲ.

ಕರಾವಳಿಯ ಕ್ಯಾಂಪ್ಕೊ ಕಥೆಯೂ ಇಲ್ಲಿಗೆ ಸೇರುತ್ತದೆ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಇದು. ಅಡಿಕೆ ತೋಟದ ನೆರಳಲ್ಲಿ ಕೋಕೋ ಬೆಳೆಯಲು ರೈತರನ್ನು ಹುರಿದುಂಬಿಸಿ ಎಲ್ಲರೂ ಬೆಳೆದ ಮೇಲೆ, 1980ರ ಹೊತ್ತಿಗೆ ಜಾಗತಿಕ ಬೆಲೆ ಬಿದ್ದು ಖರೀದಿ ಕೈಕೊಟ್ಟಿತು. ಕೋಕೋ ಕಾಯಿ ಒಡೆದರೆ ಲೋಳೆ ಸುತ್ತಿದ ಹಸಿಬೀಜ. ಒಡೆದ ಕೂಡಲೇ ರಾಶಿ ಹಾಕಿ ಹುದುಗಿಸಬೇಕು, ಆಮೇಲೆ ಒಣಗಿಸಬೇಕು. ಹಸಿಬೀಜವನ್ನು ಬುಟ್ಟಿಯಲ್ಲಿಟ್ಟುಕೊಂಡು ಒಳ್ಳೆಯ ಬೆಲೆಗೆ ಕಾಯುವುದು ಸಣ್ಣ ಬೆಳೆಗಾರನಿಂದ ಆಗದ ಮಾತು. ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಹಸಿಬೀಜಕ್ಕೆ ಕಾಯುವ ಶಕ್ತಿ ಬಂದದ್ದು ಹಾಗೆ. ಅಡಿಕೆ ಸಂಸ್ಥೆಗೆ ಚಾಕಲೇಟಿನ ಗೊಡವೆ ಏಕೆ ಎಂದು ಕೇಳುವವರಿಗೆ ಉತ್ತರ ಬೆಳೆಗಾರನ ಬುಟ್ಟಿಯಲ್ಲೇ ಇತ್ತು.

5. ಕಾಯುವಿಕೆಯನ್ನು ಯಾರ ಹೆಗಲಿಗೆ ಹಾಕಿದಿರಿ?

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮೆಕ್ಲೀನರ ಪೆಟ್ಟಿಗೆ, ಅಂದರೆ ಕಂಟೇನರ್, ಬಂದಾಗ ದಕ್ಕೆಯ ಹಮಾಲರ ಕೆಲಸ ಹೋಯಿತು. ಲಂಡನ್ನಿನ ಹಳೆಯ ದಕ್ಕೆಗಳು 1967ರಿಂದ 1981ರ ನಡುವೆ ಒಂದೊಂದಾಗಿ ಮುಚ್ಚಿದವು. ತಲೆಮಾರುಗಳಿಂದ ಅದೇ ಕೆಲಸ ಮಾಡಿದ್ದ ಕೇರಿಗಳೇ ಬರಿದಾದವು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇರೆ ದಾರಿ ಹಿಡಿದರು. ಕಾರ್ಮಿಕ ನಾಯಕ ಹ್ಯಾರಿ ಬ್ರಿಜಸ್ ಯಂತ್ರ ಬರುವುದನ್ನು ತಡೆಯಲಾಗದು, ಅದರ ಲಾಭದಲ್ಲಿ ಪಾಲು ಕೇಳೋಣ ಎಂದರು. 1960ರ ಒಪ್ಪಂದದಂತೆ ಮಾಲೀಕರು ವರ್ಷಕ್ಕೆ 50 ಲಕ್ಷ ಡಾಲರಿನ ನಿಧಿ ಕೂಡಿಡಬೇಕಾಯಿತು. ಇದ್ದವರನ್ನು ತೆಗೆಯುವಂತಿಲ್ಲ, ವಯಸ್ಸಾದವರು ಬೇಗ ನಿವೃತ್ತರಾದರೆ ಅದಕ್ಕೆ ಹಣ ಕೊಡಬೇಕು. ಎರಡೂ ಕಡೆ ಪೆಟ್ಟಿಗೆ ಒಂದೇ, ಅದರ ಲಾಭ ಹಂಚಿದ ರೀತಿ ಬೇರೆ.

ಇನ್ನೊಂದು ಅಪಾಯ ನಮ್ಮ ಸುತ್ತಮುತ್ತಲೇ ಇದೆ. ಹೊತ್ತಿಗೆ ಸರಿಯಾಗಿ ಬಿಡಿಭಾಗ ತರಿಸುವ ಪದ್ಧತಿಯನ್ನು ಅರೆಬರೆ ಕಲಿತ ದೊಡ್ಡ ಕಂಪನಿ ತನ್ನ ಗೋದಾಮು ಖಾಲಿ ಮಾಡುತ್ತದೆ. ಆ ದಾಸ್ತಾನು ಮಾಯವಾಗುವುದಿಲ್ಲ, ಬಿಡಿಭಾಗ ಮಾಡುವ ಸಣ್ಣ ಘಟಕದ ಶೆಡ್ಡಿಗೆ ಬರುತ್ತದೆ. ಕಂಪನಿಯ ದುಡ್ಡು ಬೇಗ ತಿರುಗಲೆಂದು ಸಣ್ಣವನ ಬಿಲ್ಲು ತಿಂಗಳುಗಟ್ಟಲೆ ಕೂರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಮಾಲು ಒಪ್ಪಿಕೊಂಡ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮುಂದಿನ ಆರ್ಡರ್ ಕೈತಪ್ಪೀತು ಎಂಬ ಅಂಜಿಕೆಯಲ್ಲಿ ಆ ಬಡ್ಡಿ ಕೇಳುವವರು ಎಷ್ಟು ಜನ? ಈ ಮೌನವನ್ನು ಅರ್ಥ ಮಾಡಿಕೊಂಡು ಬಂದ ತಿದ್ದುಪಡಿ ಆದಾಯ ತೆರಿಗೆ ಕಾನೂನಿನದು. 2023-24ರ ಹಣಕಾಸು ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕಾಲಮಿತಿಯೊಳಗೆ ಕೊಡದ ಹಣವನ್ನು ಮಾಲು ಕೊಂಡವನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ದೂರು ಕೊಡುವ ಹೊರೆಯನ್ನು ಸಣ್ಣವನ ಹೆಗಲಿಂದ ಇಳಿಸಿ, ತಡ ಮಾಡಿದವನ ಲೆಕ್ಕದ ಪುಸ್ತಕಕ್ಕೇ ತಡದ ನೋವು ತಾಗುವಂತೆ ಮಾಡಿದ್ದು ಇದರ ಗುಣ. ಒಳನೋಟ ಕಾನೂನು ಬರೆಯುವವರಿಗೂ ಬೇಕು ಎಂದು ಇದರಿಂದ ತಿಳಿಯುತ್ತದೆ.

ಆದ್ದರಿಂದ ನನ್ನ ಅಳತೆಗೋಲು ಇದು. ನಿಮ್ಮ ಉಪಾಯದಿಂದ ಕಾಯುವಿಕೆ ನಿಜವಾಗಿ ಕಡಿಮೆಯಾಯಿತೇ, ಅಥವಾ ನಿಮಗಿಂತ ದುರ್ಬಲರ ಮನೆಗೆ ಹೋಯಿತೇ? ಮೊದಲನೆಯದು ಒಳನೋಟ. ಎರಡನೆಯದು ಬರೀ ಬಲಪ್ರಯೋಗ, ಅದನ್ನು ಯಾವ ಚಂದದ ಹೆಸರಿನಿಂದ ಕರೆದರೂ ಅಷ್ಟೇ.

6. ನಮ್ಮ ಊರಿನ ಕೆಲಸ

ಇದನ್ನೆಲ್ಲ ಕೇಳಿ, ಮೆಕ್ಲೀನ್, ಕುರಿಯನ್ ದೊಡ್ಡವರು, ನಮ್ಮಂಥವರಿಗೆ ಇದೆಲ್ಲ ಎಲ್ಲಿ ಎನ್ನಬೇಡಿ. ನಮ್ಮ ತಾಲ್ಲೂಕು ಊರುಗಳ ಮುದ್ರಣಾಲಯಗಳನ್ನೇ ನೋಡಿ. ಮದುವೆಯ ತಿಂಗಳಲ್ಲಿ ಲಗ್ನಪತ್ರಿಕೆಯ ಆರ್ಡರ್ ಮೇಲೆ ಆರ್ಡರ್. ಹೇಳಿದ ದಿನಕ್ಕೆ ಕೊಡಲಾಗದೆ ಬೈಸಿಕೊಂಡು ಯಜಮಾನರು ಹೊಸ ಯಂತ್ರಕ್ಕೆ ಸಾಲ ವಿಚಾರಿಸುತ್ತಾರೆ. ಆದರೆ ಐದುನೂರು ಪತ್ರಿಕೆ ಅಚ್ಚಾಗಲು ಬೇಕಾದದ್ದು ಸ್ವಲ್ಪವೇ ಹೊತ್ತು. ಉಳಿದ ದಿನಗಳೆಲ್ಲ ಪ್ರೂಫಿನಲ್ಲಿ ಹೋಗುತ್ತವೆ. ಫೋನಿನಲ್ಲಿ ಬರೆದುಕೊಂಡ ಹೆಸರು ತಪ್ಪಿರುತ್ತದೆ. ತಿದ್ದಿ ಕಳಿಸಿದರೆ ದೊಡ್ಡಪ್ಪನವರ ಹೆಸರು ಬಿಟ್ಟುಹೋಗಿದೆ. ಮತ್ತೆ ತಿದ್ದಿದರೆ ಸೋದರಮಾವನವರ ಹೆಸರು ಕೆಳಗಾಯಿತು. ಮನೆಯ ಹಿರಿಯರು ಊರಲ್ಲಿಲ್ಲ, ಅವರು ಬಂದು ನೋಡುವವರೆಗೆ ಪ್ರೂಫು ಮೇಜಿನ ಮೇಲೆ ಕೂತಿರುತ್ತದೆ, ಯಂತ್ರ ನಿಂತಿರುತ್ತದೆ. ಇಲ್ಲಿಗೆ ಬೇಕಾದದ್ದು ಹೊಸ ಯಂತ್ರವಲ್ಲ. ಆಹ್ವಾನಿಸುವವರು, ಹಿರಿಯರು, ಬಂಧುಗಳು, ಮುಹೂರ್ತ, ಸ್ಥಳ ಎಂದು ಜಾಗ ಬಿಟ್ಟ ಒಂದು ನಮೂನೆ. ಆರ್ಡರ್ ಕೊಡುವ ದಿನವೇ ಮನೆಯವರು ಕೂತು ತಮ್ಮ ಕೈಯಲ್ಲೇ ಕ್ರಮವಾಗಿ ಬರೆದು ಸಹಿ ಹಾಕಿದರೆ ಅರ್ಧ ಓಡಾಟ ಅಲ್ಲಿಗೇ ಮುಗಿಯುತ್ತದೆ. ಒಂದು ಹಾಳೆ ಕಾಗದದ ಖರ್ಚು.

ವಿಧಾನ ಸರಳ. ಒಂದು ಆರ್ಡರನ್ನು ಆರಿಸಿಕೊಳ್ಳಿ. ಅದು ಬಾಗಿಲೊಳಗೆ ಬಂದ ಗಳಿಗೆಯಿಂದ ಹಣ ಕೈಸೇರುವ ಗಳಿಗೆಯವರೆಗೆ ಅದರ ಹಿಂದೆಯೇ ನಡೆಯಿರಿ. ಒಂದು ಹಾಳೆಯಲ್ಲಿ ಎರಡು ಸಾಲು ಹಾಕಿ. ಒಂದರಲ್ಲಿ ಅದಕ್ಕೆ ಯಾರದಾದರೂ ಕೈ ತಾಗಿದ ಹೊತ್ತು, ಇನ್ನೊಂದರಲ್ಲಿ ಅದು ಸುಮ್ಮನೆ ನಿಂತ ಹೊತ್ತು. ನಿಂತ ಪ್ರತಿ ಜಾಗದಲ್ಲೂ ಅಲ್ಲಿ ಕೆಲಸ ಮಾಡುವವರನ್ನು ಗೌರವದಿಂದ ಕೇಳಿ: ಇದು ಏನಕ್ಕಾಗಿ ಕಾಯುತ್ತಿದೆ? ಮ್ಯಾನೇಜರಿಗಿಂತ ಮೊದಲು ಸಹಾಯಕನನ್ನು ಕೇಳಿ, ಬೋಲ್ಟಿನ ಹುಡುಕಾಟ ಅವನಿಗೆ ಗೊತ್ತು. ಉತ್ತರ ಸಿಕ್ಕ ಕೂಡಲೇ ಯಾರದು ತಪ್ಪು ಎಂದು ಹುಡುಕಲು ಹೋಗಬೇಡಿ. ಹಾಗೆ ಹೋದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಸಣ್ಣದಾಗಿ ಮಾಡಿ ನೋಡಿ. ಸರಿಹೋದರೆ ಅದನ್ನು ನಿತ್ಯದ ಪದ್ಧತಿಯಾಗಿ ಬರೆದಿಡಿ, ಒಬ್ಬರ ನೆನಪಿನ ಮೇಲೆ ಬಿಡಬೇಡಿ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆಯಿದೆ. ಈ ಸಭೆಯಲ್ಲಿರುವ ವರ್ತಕರಲ್ಲಿ ಒಬ್ಬರ ಅನುಮತಿ ಪಡೆದು, ಮೂವರು ನಾಲ್ವರು ಸೇರಿ ಒಂದು ಆರ್ಡರಿನ ಹಿಂದೆ ನಡೆಯಿರಿ. ಕಂಡದ್ದನ್ನು ಕನ್ನಡದಲ್ಲಿ ಬರೆಯಿರಿ. ಅಂಗಡಿಯ ಆಳು ಓದಿ, ಹೌದು ಇಲ್ಲೇ ನಿಲ್ಲುತ್ತದೆ ಎನ್ನುವಂತೆ ಬರೆಯಿರಿ. ವರ್ತಕರಲ್ಲಿಯೂ ಕೋರಿಕೆ: ಈ ಮಕ್ಕಳಿಗೆ ಬಾಗಿಲು ತೆರೆಯಿರಿ, ಬಾಕಿ ಪುಸ್ತಕವನ್ನೂ ತೋರಿಸಿ. ಕಾಲೇಜು ಇಂಥ ಬರಹಗಳನ್ನು ಪ್ರತಿ ವರ್ಷ ಈ ದತ್ತಿಯ ಹೆಸರಿನಲ್ಲಿ ಅಚ್ಚು ಹಾಕಿಸಲಿ. ನಮ್ಮ ಮಂಡಿ, ಗಿರಣಿ, ಗ್ಯಾರೇಜುಗಳ ಸಮಸ್ಯೆ ಏನೆಂದು ಹೊರಗಿನಿಂದ ಯಾರೋ ಬಂದು ಹೇಳಬೇಕಾಗಿಲ್ಲ. ನೋಡುವ ಕಣ್ಣು, ಕೇಳುವ ವಿನಯ, ಬಂದ ಲಾಭವನ್ನು ದುಡಿದವರೊಂದಿಗೆ ಹಂಚಿಕೊಳ್ಳುವ ನ್ಯಾಯಬುದ್ಧಿ, ಈ ಮೂರೂ ನಮ್ಮಲ್ಲಿ ಕೂಡಿದರೆ ನಮ್ಮ ಹಟಮಾರಿ ಸಮಸ್ಯೆಗಳನ್ನು ನಾವೇ ಬಿಡಿಸಿಕೊಳ್ಳಬಲ್ಲೆವು ಎಂಬ ಪೂರ್ಣ ನಂಬಿಕೆ ನನಗಿದೆ.